ಅಂಕ: ಪರದೆಯದೋ, ಕಬಡ್ಡಿಯದೋ?

ಪ್ರಶ್ನೆ: ಊರಹಬ್ಬಕ್ಕೆ ಹಗಲು ಕಬಡ್ಡಿ, ರಾತ್ರಿ ಪೌರಾಣಿಕ ನಾಟಕ. ಎರಡಕ್ಕೂ ಮೈಕು ನನ್ನದೇ. ಅಲ್ಲೂ ಅಂಕ, ಇಲ್ಲೂ ಅಂಕ. ಪದ ಒಂದೇನಾ? ಅಂಕಿ, ಅಂಕಣ ಎಲ್ಲೆಲ್ಲಿ ಬಳಸಬೇಕು?
– ಓದುಗರು, ಹೊಳೆನರಸೀಪುರ

ಉತ್ತರ: ಪದ ಒಂದೇ. ಸಂಸ್ಕೃತದಲ್ಲಿ ಅಂಕ ಎಂದರೆ ಗುರುತು. ಗೆದ್ದಾಗ ಹಾಕುವ ಗುರುತೂ ಅಂಕ, ನಾಟಕವನ್ನು ಪಾಲು ಮಾಡುವ ಭಾಗವೂ ಅಂಕ. ಹಳಗನ್ನಡದಲ್ಲಿ ಇದಕ್ಕೆ ಕಾಳಗ ಎಂಬ ಅರ್ಥವೂ ಉಂಟು. ಎದುರಾಳಿಯೊಡನೆ ಸೆಣಸುವ ಕಲಿ ‘ಅಂಕಕಾರ’. ಕರಾವಳಿಯ ಕೋಳಿ ಅಂಕದಲ್ಲಿ ಆ ಅರ್ಥ ಇನ್ನೂ ಜೀವಂತ.

ಮೈಕಿನವರು ಎಡವುವುದು ಅಂಕ–ದೃಶ್ಯದ ನಡುವೆ. ಹಿಂದಿನ ಸೀನರಿ ಅರಮನೆಯಿಂದ ಕಾಡಿಗೆ ಬದಲಾದರೆ ಅದು ದೃಶ್ಯ ಬದಲಾದದ್ದು, ಅಷ್ಟೇ. ಒಂದು ಅಂಕದೊಳಗೆ ಇಂಥ ಹಲವು ದೃಶ್ಯ ಬರುತ್ತವೆ. ಕಥೆಯ ಒಂದು ಘಟ್ಟ ಮುಗಿದು ಮುಂಭಾಗದ ಪರದೆ ಇಳಿದಾಗ ಮಾತ್ರ ಅಂಕ ಮುಗಿಯಿತು. ಅದಕ್ಕೇ ಅದು ‘ಅಂಕದ ಪರದೆ’. ಸೀನರಿ ಎಳೆದಾಗಲೆಲ್ಲ ‘ಅಂಕ ಮುಗಿಯಿತು’ ಅಂದಿರೋ, ಅರ್ಧ ಜನ ಟೀ ಅಂಗಡಿಗೆ ಎದ್ದು ಹೋಗುತ್ತಾರೆ. ಮೇಷ್ಟ್ರ ಹತ್ತಿರ ಮೊದಲೇ ಕೂತು ‘ಒಂದನೇ ಅಂಕ, ಮೂರನೇ ದೃಶ್ಯ, ದುರ್ಯೋಧನನ ಸಭೆ’ ಎಂಬಂತೆ ಚೀಟಿ ಬರೆದಿಟ್ಟುಕೊಳ್ಳಿ.

ಕಬಡ್ಡಿಯಲ್ಲಿ ದಾಳಿಗಾರ ಇಬ್ಬರನ್ನು ಮುಟ್ಟಿ, ಬೋನಸ್ಸನ್ನೂ ಗಿಟ್ಟಿಸಿ ವಾಪಸಾದರೆ ಮೂರು ಅಂಕ. (ಎದುರಿಗೆ ಆರೇಳು ಮಂದಿ ಇದ್ದರಷ್ಟೇ ಬೋನಸ್.) ಎದುರು ತಂಡ ಪೂರಾ ಔಟಾದರೆ ಮೇಲೆ ಇನ್ನೆರಡು. ಇದನ್ನು ‘ಮೂರು ಅಂಕಿ’ ಅನ್ನಬೇಡಿ. ಅಂಕಿ ಎಂದರೆ 0ಯಿಂದ 9ರವರೆಗಿನ ಬರಹದ ಗುರುತು. ‘ಮೂರಂಕಿ ಮುಟ್ಟಿತು’ ಅಂದರೆ ಮೊತ್ತ ನೂರಾಯಿತು ಎಂದೇ ಅರ್ಥ. ಕ್ರಿಕೆಟ್ ವರದಿಯಲ್ಲಿ ‘ಎರಡಂಕಿ ದಾಟಲಿಲ್ಲ’ ಎಂದು ಓದಿರುತ್ತೀರಿ.

ಅಂಕಣ ಜಾಗದ ಹೆಸರು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ; ಹೆಂಗಸರದು 12ಕ್ಕೆ 8. ಹಳೇ ಮನೆಯ ಕಂಬಗಳ ನಡುವಿನ ಜಾಗವೂ ಅಂಕಣ, ಬೇಲೂರು ಗುಡಿಯೊಳಗೆ ನಾಲ್ಕು ಕಂಬದ ನಡುವಿನ ಚೌಕವೂ ಅಂಕಣ. ನೀವು ಓದುತ್ತಿರುವ ಇದೂ ಅಂಕಣವೇ ಅನ್ನಿ. ‘ಆಟಗಾರ ಅಂಕದಿಂದ ಹೊರಬಿದ್ದ’ ಅನ್ನುವುದು ತಪ್ಪು, ಹೊರಬಿದ್ದದ್ದು ಅಂಕಣದಿಂದ.

ಪ್ರಶ್ನೆ: ಹಾಗಾದರೆ ‘ಅಂಕೆ’?
– ಓದುಗರು, ಕಡೂರು

ಉತ್ತರ: ಹತೋಟಿ. ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು ಅನ್ನುತ್ತೇವಲ್ಲ, ಆ ಅಂಕೆ. ಹಳೇ ಲೆಕ್ಕದ ಪುಸ್ತಕಗಳಲ್ಲಿ ಅಂಕಿಗೂ ಅಂಕೆ ಎಂದೇ ಬರೆದದ್ದುಂಟು.