ಮಳೆಯನ್ನು ಅಳೆಯುತ್ತಿರುವಾಗ ಗಾಳಿಯಲ್ಲಿನ ನೀರಾವಿಯನ್ನೂ ಏಕೆ ಅಳೆಯಬೇಕು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಸಮುದ್ರದ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಮರಳಿ ಸಮುದ್ರ ಸೇರುವುದನ್ನು ಶಾಲೆಯಲ್ಲೇ ಓದಿದ್ದೇವೆ, ಜಲಚಕ್ರದಲ್ಲಿ ಸಂಶೋಧನೆಗೆ ಇನ್ನೇನು ಉಳಿದಿದೆ ಎಂಬುದು ಒಂದು. ಊರೂರಿಗೆ ಮಳೆಮಾಪಕಗಳು ಬಂದಿರುವಾಗ ಕಣ್ಣಿಗೆ ಕಾಣದ ನೀರಾವಿಯನ್ನು ಅಳೆಯಲು ಬಲೂನು, ಉಪಗ್ರಹಗಳಿಗೆ ಹಣ ಸುರಿಯುವುದೇಕೆ ಎಂಬುದು ಇನ್ನೊಂದು. ನಾನು ಕಾರವಾರದಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ನಮ್ಮ ಮನೆತನದ ಅಡಿಕೆ ತೋಟ ಶಿರಸಿಯ ಕಡೆಗಿದೆ. ಆದ್ದರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಉದಾಹರಣೆಗಳನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ, ಮತ್ತು ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ.

ಇಡೀ ಭೂಮಿಯ ವಾತಾವರಣದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ನೀರು ಸುಮಾರು 13,000 ಘನ ಕಿ.ಮೀ. ಭೂಮಿಯ ಒಟ್ಟು ನೀರಿನಲ್ಲಿ ಇದು ಹೆಚ್ಚುಕಡಿಮೆ ಲಕ್ಷದಲ್ಲಿ ಒಂದು ಪಾಲು ಮಾತ್ರ. ಅಷ್ಟನ್ನೂ ಒಮ್ಮೆಲೇ ಇಳಿಸಿ ನೆಲ-ಜಲಗಳ ಮೇಲೆ ಸಮನಾಗಿ ಹರಡಿದರೆ ಸುಮಾರು 25 ಮಿ.ಮೀ. ದಪ್ಪದ ಪದರವಾಗುತ್ತದೆ. ಆದರೆ ಜಗತ್ತಿನಲ್ಲಿ ಸರಾಸರಿ ವರ್ಷವೊಂದಕ್ಕೆ ಬೀಳುವ ಮಳೆ ಸುಮಾರು 1,000 ಮಿ.ಮೀ. ಹಾಗಾದರೆ ಆಕಾಶದ ನೀರಿನ ದಾಸ್ತಾನು ವರ್ಷದಲ್ಲಿ ನಲವತ್ತು ಸಲ ಖಾಲಿಯಾಗಿ ನಲವತ್ತು ಸಲ ತುಂಬುತ್ತಿದೆ. ಸಮುದ್ರದಿಂದಲೋ ಎಲೆಯಿಂದಲೋ ಮೇಲೆದ್ದ ನೀರು ಸರಾಸರಿ ಎಂಟೊಂಬತ್ತು ದಿನಗಳೊಳಗೆ ಕೆಳಗಿಳಿಯುತ್ತದೆ. ಹಿಮನದಿಯನ್ನೋ ಅಂತರ್ಜಲವನ್ನೋ ವರ್ಷಕ್ಕೊಮ್ಮೆ ಅಳೆದರೂ ಏನಾದರೂ ತಿಳಿಯಬಹುದು, ಇಷ್ಟು ಬೇಗ ಬದಲಾಗುವ ದಾಸ್ತಾನನ್ನು ಮಾತ್ರ ಗಂಟೆಗಂಟೆಗೆ ನೋಡುತ್ತಿರಬೇಕಾಗುತ್ತದೆ.

ಈಗ ಕಾರವಾರಕ್ಕೆ ಬರೋಣ. ಮುಂಗಾರಿನ ದಿನಗಳಲ್ಲಿ ನಮ್ಮ ತಲೆಯ ಮೇಲಿನ ಗಾಳಿಯ ಕಂಬದಲ್ಲಿರುವ ನೀರಾವಿಯನ್ನೆಲ್ಲ ಹಿಂಡಿದರೂ ಸಿಗುವುದು 50ರಿಂದ 65 ಮಿ.ಮೀ. ನೀರು. ಹೀಗಿದ್ದರೂ ಇಲ್ಲಿ ಒಂದೇ ದಿನದಲ್ಲಿ 200 ಮಿ.ಮೀ. ಮಳೆ ಸುರಿಯುವುದುಂಟು. ಉಳಿದ ನೀರು ಎಲ್ಲಿಂದ ಬಂತು? ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ. ತೋಟದ ಕಾಲುವೆಯಲ್ಲಿ ನೀರು ಪಾದ ಮುಳುಗುವಷ್ಟೇ ಇದ್ದರೂ ಹರಿವು ನಿಲ್ಲದಿದ್ದರೆ ಬೆಳಗಾಗುವುದರೊಳಗೆ ಕೆರೆ ತುಂಬುವಂತೆ, ದೊಡ್ಡ ಮಳೆ ಬರುವುದು ಆಕಾಶದಲ್ಲಿ ನಿಂತ ನೀರಾವಿಯಿಂದಲ್ಲ, ಹರಿದು ಬರುತ್ತಲೇ ಇರುವ ನೀರಾವಿಯಿಂದ. ದಕ್ಷಿಣ ಗೋಳಾರ್ಧದ ಹಿಂದೂ ಮಹಾಸಾಗರದಿಂದ ಹೊರಟು, ಆಫ್ರಿಕಾದ ಪೂರ್ವ ತೀರದ ಬಳಿ ಭೂಮಧ್ಯರೇಖೆಯನ್ನು ದಾಟಿ, ಸೊಮಾಲಿಯಾದ ಪಕ್ಕದಿಂದ ತಿರುಗಿ ಅರಬ್ಬಿ ಸಮುದ್ರದ ಮೇಲೆ ಬೀಸುವ ಕೆಳಮಟ್ಟದ ಬಿರುಗಾಳಿ ದಾರಿಯುದ್ದಕ್ಕೂ ಸಮುದ್ರದಿಂದ ಆವಿಯನ್ನು ಎತ್ತಿಕೊಳ್ಳುತ್ತದೆ. ಮುಂಗಾರು ಬಿರುಸಾಗಿರುವಾಗ ನಮ್ಮ ಕರಾವಳಿಯ ಒಂದೊಂದು ಮೀಟರ್ ಅಗಲವನ್ನೂ ಪ್ರತಿ ಸೆಕೆಂಡಿಗೆ ಕೆಲವು ನೂರು ಕಿಲೋ ನೀರಾವಿ ದಾಟಿ ಒಳನಾಡಿನತ್ತ ಸಾಗುತ್ತದೆ. ಮಳೆಮಾಪಕದಲ್ಲಿ ಸಿಗುವುದು ಈ ಹರಿವಿನ ಫಲ ಮಾತ್ರ, ಅದೂ ಬಿದ್ದಾದ ಮೇಲೆ. ಬೀಳುವ ಮೊದಲೇ ತಿಳಿಯಬೇಕೆಂದರೆ ನೀರಾವಿಯನ್ನೂ ಗಾಳಿಯ ವೇಗವನ್ನೂ ಬೇರೆಬೇರೆ ಎತ್ತರಗಳಲ್ಲಿ, ಜೊತೆಜೊತೆಯಾಗಿ ಅಳೆಯದೆ ದಾರಿಯಿಲ್ಲ.

ದಿನಪತ್ರಿಕೆಗಳಲ್ಲಿ ಬರುವ ಶೇಕಡಾವಾರು ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಈಗ ಇದೆ ಎಂಬ ಅಂಕಿ, ಈ ಕೆಲಸಕ್ಕೆ ಸಾಲದು. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, 20 ಡಿಗ್ರಿಯ ಗಾಳಿ 17 ಗ್ರಾಂ ಮಾತ್ರ. ಹೀಗಾಗಿ ಶೇ. 80 ಆರ್ದ್ರತೆಯ ಕಾರವಾರದ ಮಧ್ಯಾಹ್ನದ ಸೆಕೆಯಲ್ಲಿ ಇರುವ ನೀರು ಶೇ. 100 ಆರ್ದ್ರತೆಯ ಶಿರಸಿಯ ಇಬ್ಬನಿಯ ಬೆಳಗಿನಲ್ಲಿ ಇರುವುದಕ್ಕಿಂತ ಹೆಚ್ಚು. ಕರಾವಳಿಯ 28 ಡಿಗ್ರಿಯ, ಶೇ. 80 ಆರ್ದ್ರತೆಯ ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಅದು ಸುಮಾರು 450 ಮೀಟರ್ ಎತ್ತರದಲ್ಲಿ ಮೋಡವಾಗತೊಡಗುತ್ತದೆ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವವರು ಮಳೆಗಾಲದಲ್ಲಿ ಮೋಡದ ಒಳಗೇ ಹೊಕ್ಕು ಸಾಗುವುದರ ಹಿಂದೆ ಇಷ್ಟು ಸರಳವಾದ ಲೆಕ್ಕವಿದೆ. ಅದೇ ಗಾಳಿ ಘಟ್ಟ ದಾಟಿ ಮುಂಡಗೋಡು ತಲುಪುವಾಗ ಬಹಳಷ್ಟು ನೀರನ್ನು ಕಳೆದುಕೊಂಡಿರುತ್ತದೆ. ಒಂದೇ ಜಿಲ್ಲೆಯಲ್ಲಿದ್ದರೂ ಅಲ್ಲಿನ ಮಳೆ ಕರಾವಳಿಯ ಅರ್ಧಕ್ಕಿಂತ ಕಡಿಮೆ.

ನೀರಾವಿ ನೀರನ್ನಷ್ಟೇ ಹೊತ್ತು ತರುವುದಿಲ್ಲ, ಶಾಖವನ್ನೂ ತರುತ್ತದೆ. ಒಂದು ಕಿಲೋ ಆವಿ ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಗುಪ್ತೋಷ್ಣ, ಅಂದರೆ ಆವಿಯಲ್ಲಿ ಅಡಗಿದ್ದ ಶಾಖ, ಬಿಡುಗಡೆಯಾಗುತ್ತದೆ. ಒಂದು ಚದರ ಕಿ.ಮೀ. ಜಾಗದಲ್ಲಿ 100 ಮಿ.ಮೀ. ಮಳೆ ಬಿದ್ದರೆ ಮೇಲಿನ ಗಾಳಿಗೆ ಸೇರುವ ಶಾಖ, ನಮ್ಮ ಕೈಗಾ ಸ್ಥಾವರದ ನಾಲ್ಕೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ, ಅಂದರೆ 880 ಮೆಗಾವ್ಯಾಟ್‌ನಲ್ಲಿ, ಮೂರು ದಿನಕ್ಕೂ ಮೀರಿ ಉತ್ಪಾದಿಸುವ ವಿದ್ಯುತ್ತಿಗೆ ಸಮ. ಚಂಡಮಾರುತಗಳು ಬಲ ಪಡೆಯುವುದು ಈ ಶಾಖದಿಂದಲೇ. ಆದ್ದರಿಂದ ಆರಂಭದಲ್ಲಿ ನೀರಾವಿಯ ಅಂಕಿಯನ್ನು ತಪ್ಪಾಗಿ ಕೊಟ್ಟರೆ, ಮುನ್ಸೂಚನೆಯ ಗಣಕ ಮಾದರಿ ಎಷ್ಟು ಚೆನ್ನಾಗಿದ್ದರೂ ಮಳೆಯ ಜಾಗವನ್ನೂ ಪ್ರಮಾಣವನ್ನೂ ತಪ್ಪಿಯೇ ಹೇಳುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಹಳೆಯ ಉಪಾಯವಾದ ಒಣ ಮತ್ತು ಒದ್ದೆ ಬಲ್ಬಿನ ಜೋಡಿ ಥರ್ಮಾಮೀಟರ್ ಇಂದಿಗೂ ನಂಬಿಕಸ್ಥವೇ, ಆದರೆ ಅದು ನೆಲಮಟ್ಟದ ಸಂಗತಿಯನ್ನಷ್ಟೇ ಹೇಳುತ್ತದೆ. ಮೇಲಿನ ಗಾಳಿಯನ್ನು ಅಳೆಯಲು ರೇಡಿಯೋಸಾಂಡ್ ಬೇಕು, ಅಂದರೆ ಬಲೂನಿಗೆ ಕಟ್ಟಿ ಹಾರಿಸುವ, ಅಳತೆಗಳನ್ನು ರೇಡಿಯೋ ಮೂಲಕ ಕೆಳಗೆ ಕಳಿಸುವ ಪುಟ್ಟ ಉಪಕರಣ. ನಮಗೆ ಹತ್ತಿರದ ಇಂಥ ಕೇಂದ್ರಗಳು ಗೋವಾ ಮತ್ತು ಮಂಗಳೂರಿನವು. ಅವೆರಡರ ನಡುವೆ ಸುಮಾರು 300 ಕಿ.ಮೀ. ಅಂತರವಿದ್ದು, ಉತ್ತರ ಕನ್ನಡದ ಇಡೀ ಕರಾವಳಿ ಆ ಅಂತರದಲ್ಲೇ ಇದೆ. ಬಲೂನು ಹಾರಿಸಲು ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ ಹೊತ್ತು ನಮ್ಮ ಬೆಳಗಿನ ಮತ್ತು ಸಂಜೆಯ 5.30, ಅಳಿವೆಯ ಮೇಲೆ ಮಧ್ಯಾಹ್ನ ಕಟ್ಟಿಕೊಳ್ಳುವ ಮಳೆ ಆ ಎರಡು ಹೊತ್ತುಗಳ ನಡುವೆಯೇ ಬಂದು ಹೋಗಬಹುದು. ಇನ್ಸಾಟ್-3ಡಿ, ಅದರ ನಂತರ 2016ರಲ್ಲಿ 3ಡಿಆರ್ ಮತ್ತು 2024ರಲ್ಲಿ 3ಡಿಎಸ್ ಉಪಗ್ರಹಗಳು ಅವಕೆಂಪು ಕಿರಣಗಳಲ್ಲಿ ನೀರಾವಿಯನ್ನು ನೋಡುತ್ತವೆಯಾದರೂ ದಟ್ಟ ಮೋಡದ ಕೆಳಗೆ ಅವುಗಳ ದೃಷ್ಟಿ ಹಾಯುವುದಿಲ್ಲ. ನಮಗೆ ಮಾಹಿತಿ ಬೇಕಾಗಿರುವುದು ಆ ದಟ್ಟ ಮೋಡದ ದಿನಗಳಲ್ಲೇ. ಭಾರತ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹ ಮೋಡವನ್ನು ಬಹುಮಟ್ಟಿಗೆ ತೂರಿ ಬರುವ 183 ಗಿಗಾಹರ್ಟ್ಸ್ ಅಲೆಗಳಲ್ಲಿ ಉಷ್ಣವಲಯದ ಆರ್ದ್ರತೆಯನ್ನು ಅಳೆಯಿತು. ಅದನ್ನು 2023ರ ಮಾರ್ಚ್‌ನಲ್ಲಿ ಕಕ್ಷೆಯಿಂದ ಕೆಳಗಿಳಿಸಲಾಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಜಿಪಿಎಸ್ ವಿಧಾನದ ಮೇಲೆ. ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತ ಗಾಳಿಯನ್ನು ದಾಟುವಾಗ ಕೊಂಚ ತಡವಾಗುತ್ತದೆ. ನೀರಾವಿಯಿಂದ ಆಗುವ ತಡವನ್ನು ಬೇರ್ಪಡಿಸಿದರೆ, ಪ್ರತಿ 1 ಮಿ.ಮೀ. ನೀರಾವಿಗೆ ಸುಮಾರು ಆರೂವರೆ ಮಿ.ಮೀ. ದೂರದಷ್ಟು ವ್ಯತ್ಯಾಸ ಸಿಗುತ್ತದೆ. ಮುಂಗಾರಿನ 60 ಮಿ.ಮೀ. ನೀರಾವಿ ಎಂದರೆ ಸುಮಾರು 39 ಸೆಂ.ಮೀ. ಭೂಮಾಪಕರಿಗೆ ದೋಷವಾಗಿ ಕಾಡುತ್ತಿದ್ದ ಈ ವ್ಯತ್ಯಾಸವನ್ನೇ 1990ರ ದಶಕದ ಆರಂಭದಲ್ಲಿ ಹವಾಮಾನ ವಿಜ್ಞಾನಿಗಳು ಅಳತೆಯ ಸಾಧನವಾಗಿ ಮಾಡಿಕೊಂಡರು. ಮಳೆಯಿರಲಿ, ಮೋಡವಿರಲಿ, ರಾತ್ರಿಯಿರಲಿ, ಇದು ನಿಲ್ಲದೆ ನಡೆಯುತ್ತದೆ. ಯಾವ ಎತ್ತರದಲ್ಲಿ ಎಷ್ಟು ಆವಿ ಇದೆ ಎಂಬುದನ್ನು ಹೇಳಲಾರದು, ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತದೆ ಎಂಬುದು ಇದರ ಮಿತಿ. ಕಾರವಾರದ ತೀರದಲ್ಲೊಂದು, ಘಟ್ಟದ ಮೇಲೆ ಶಿರಸಿ ಅಥವಾ ಯಲ್ಲಾಪುರದಲ್ಲೊಂದು ಇಂಥ ಕೇಂದ್ರ ಸದಾ ನಡೆಯುತ್ತಿದ್ದರೆ, ಘಟ್ಟ ಹತ್ತುವಾಗ ಗಾಳಿಯಲ್ಲಿನ ನೀರಾವಿ ಎಷ್ಟು ಕಡಿಮೆಯಾಯಿತು ಎಂಬುದನ್ನು ಗಂಟೆಗಂಟೆಗೆ ನೋಡಬಹುದಿತ್ತು ಎಂಬ ಆಸೆ ನನಗೆ ಬಹಳ ಕಾಲದಿಂದ ಇದೆ.

ನಿಮ್ಮ ಮೊದಲ ಪ್ರಶ್ನೆಗೆ ಈಗ ಬರುತ್ತೇನೆ. ಶಾಲೆಯ ಚಿತ್ರದಲ್ಲಿ ಬಾಣದ ಗುರುತುಗಳಿರುತ್ತವೆ, ಪ್ರಮಾಣಗಳಿರುವುದಿಲ್ಲ. ಸಂಶೋಧನೆ ಉಳಿದಿರುವುದು ಆ ಪ್ರಮಾಣಗಳಲ್ಲಿ. ಪಶ್ಚಿಮ ಘಟ್ಟದ ಕಾಡುಗಳು ಎಲೆಗಳ ಮೂಲಕ ಹೊರಬಿಡುವ ಆವಿ ಗಾಳಿಯೊಡನೆ ಪೂರ್ವಕ್ಕೆ ಸಾಗಿ ತಮಿಳುನಾಡಿನ ಮುಂಗಾರು ಮಳೆಯಲ್ಲಿ ಗಣನೀಯ ಪಾಲು ಪಡೆಯುತ್ತದೆ ಎಂದು ಐಐಟಿ ಬಾಂಬೆಯ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದ ಮರಗಳು ಯಾರ ಮಳೆಯ ಭಾಗವಾಗುತ್ತಿವೆ ಎಂಬುದು ಶಾಲೆಯ ಚಿತ್ರದಿಂದ ತಿಳಿಯುವ ಸಂಗತಿಯಲ್ಲ. ಇದೇ ಜಿಲ್ಲೆಯಲ್ಲಿ ಸಹಜ ಕಾಡು, ಅಕೇಶಿಯಾ ನೆಡುತೋಪು ಮತ್ತು ಹಾಳುಬಿದ್ದ ಬೆಟ್ಟಗಳ ಹಳ್ಳಗಳನ್ನು ಹೋಲಿಸಿ ಅಳೆದ ಅಧ್ಯಯನಗಳೂ ನಡೆದಿವೆ. ಮಳೆ ಬಿದ್ದೊಡನೆ ಹರಿದುಹೋಗುವ ಪಾಲು ಕಾಡಿಗಿಂತ ಹಾಳುಬಿದ್ದ ಬೆಟ್ಟದಲ್ಲಿ ಹೆಚ್ಚೆಂದು ಅವು ಅಂಕಿಗಳಲ್ಲಿ ತೋರಿಸಿವೆ.

ಇದರ ಜೊತೆಗೆ ತಾಪಮಾನದ ಏರಿಕೆಯೂ ಇದೆ. ಪ್ರತಿ 1 ಡಿಗ್ರಿ ಏರಿಕೆಗೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಮತ್ತು ನೀರಾವಿ ತಾನೇ ಪ್ರಬಲ ಹಸಿರುಮನೆ ಅನಿಲವಾದ್ದರಿಂದ ಕಾಯಿಸುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾದವೆಂದೂ, ಆ ತೇವಾಂಶದ ದೊಡ್ಡ ಪಾಲು ಅರಬ್ಬಿ ಸಮುದ್ರದಿಂದ ಬಂದಿತೆಂದೂ 2017ರ ಅಧ್ಯಯನವೊಂದು ಕಂಡುಕೊಂಡಿದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಕಳೆದುಹೋದ ಜೀವಗಳನ್ನು ನಾವು ಮರೆತಿಲ್ಲ. ಇಂಥ ಕುಸಿತಗಳಿಗೆ ಮಳೆಯೊಂದೇ ಕಾರಣವಾಗಿರುವುದಿಲ್ಲ, ಗುಡ್ಡವನ್ನು ಹೇಗೆ ಕಡಿದೆವು ಎಂಬುದೂ ಮುಖ್ಯ. ಆದರೂ ಮುಂದಿನ ಆರು ಗಂಟೆಗಳಲ್ಲಿ ಎಷ್ಟು ನೀರು ಬರಲಿದೆ ಎಂಬ ಅಂದಾಜು ಸರಿಯಾಗಿದ್ದರೆ ರಸ್ತೆಯನ್ನು ಮೊದಲೇ ಮುಚ್ಚಿ, ಜನರನ್ನು ಹೊರತರುವ ನಿರ್ಧಾರಕ್ಕೆ ಆಧಾರ ಸಿಗುತ್ತದೆ.

ಕೃಷಿಯ ಮಾತು ಹೇಳುವುದಾದರೆ, ಅಡಿಕೆಯ ಕೊಳೆರೋಗ ಹರಡುವುದು ಜಡಿಮಳೆ ಮತ್ತು ಬಿಡದ ತೇವದಲ್ಲಿ. ಬೋರ್ಡೋ ದ್ರಾವಣ ಹೊಡೆಯಲು ಮಳೆ ನಿಂತು ಹೊಳವಾಗಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗಬೇಕು, ಹೊಡೆದ ಔಷಧಿ ಗೊನೆಯ ಮೇಲೆ ಒಣಗುವಷ್ಟು ಬಿಡುವೂ ಸಿಗಬೇಕು. ಎರಡು ದಿನದ ಹೊಳವನ್ನು ಮುಂಚಿತವಾಗಿ ಖಚಿತವಾಗಿ ಹೇಳಬಲ್ಲ ಮುನ್ಸೂಚನೆ ಬಂದರೆ ಇಲ್ಲಿನ ಎಷ್ಟೋ ಮನೆಗಳ ವರ್ಷದ ಆದಾಯ ಉಳಿಯುತ್ತದೆ.

ನೀವು ವಿದ್ಯಾರ್ಥಿಯಾಗಿದ್ದು ಈ ವಿಷಯವನ್ನು ಮುಂದೆ ಓದುವ ಯೋಚನೆಯಿದ್ದರೆ, ಇಸ್ರೋದ ಮೋಸ್‌ಡ್ಯಾಕ್ ಜಾಲತಾಣದಲ್ಲಿ ಇನ್ಸಾಟ್‌ನ ನೀರಾವಿ ಚಿತ್ರಗಳನ್ನು ಜೂನ್ ತಿಂಗಳಿಡೀ ದಿನವೂ ನೋಡಿ, ಅದೇ ದಿನದ ನಿಮ್ಮೂರಿನ ಮಳೆಯ ಅಂಕಿಯನ್ನು ಪಕ್ಕದಲ್ಲಿ ಬರೆದಿಡಿ. ಆ ಚಿತ್ರಗಳು ತೋರಿಸುವುದು ಹೆಚ್ಚಾಗಿ ವಾತಾವರಣದ ಮೇಲ್ಭಾಗದ ಆವಿಯನ್ನು, ಮಳೆಯನ್ನು ಹೊತ್ತು ತರುವುದು ಕೆಳಗಿನ ಎರಡು-ಮೂರು ಕಿ.ಮೀ. ಗಾಳಿ. ಆದ್ದರಿಂದ ಚಿತ್ರಕ್ಕೂ ಮಳೆಗೂ ತಾಳೆಯಾಗದ ದಿನಗಳು ಬಹಳ ಸಿಗುತ್ತವೆ. ಅಂಥ ದಿನಗಳಿಂದಲೇ ನಿಮ್ಮ ಅಧ್ಯಯನವನ್ನು ಆರಂಭಿಸಿ.