ಮನೆ ಕೆಳಗೇ ಬಾರ್ ಬಂದರೆ? ಇಂಗ್ಲೆಂಡಿನ ಕನ್ನಡಿಗರ ಲೈಸೆನ್ಸ್ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಮದ್ಯ ಮತ್ತು ಸಂಗೀತದ ಲೈಸೆನ್ಸ್ ಬಗ್ಗೆಯೇ ಇವೆ. ಹಾಗಾಗಿ ಐದನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಇಲ್ಲಿ ಹೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿರುವವರು ಇದನ್ನು ನಂಬಿ ಕೌನ್ಸಿಲ್‌ಗೆ ಕಾಗದ ಬರೆಯಬೇಡಿ.

ಪ್ರಶ್ನೆ: ರೆಡಿಂಗ್‌ನಲ್ಲಿ ನಮ್ಮ ಫ್ಲ್ಯಾಟ್ ಎರಡನೇ ಮಹಡಿಯಲ್ಲಿದೆ. ಕೆಳಗಿದ್ದ ಕಾರ್ಪೆಟ್ ಅಂಗಡಿ ಖಾಲಿಯಾಗಿ, ಈಗ ಅದರ ಗಾಜಿನ ಮೇಲೆ ಒಂದು ನೀಲಿ ಕಾಗದ ಅಂಟಿಸಿದ್ದಾರೆ. ರಾತ್ರಿ 2ರವರೆಗೆ ಮದ್ಯ ಮತ್ತು ಡಿಜೆ ಅಂತ ಬರೆದಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಕಟ್ಟಡದವರೆಲ್ಲರ ಸಹಿ ಹಾಕಿಸಿ ಮನವಿ ಕೊಟ್ಟರೆ ಇದು ನಿಲ್ಲುತ್ತದಾ?

ಉತ್ತರ: ಸಹಿ ಆಮೇಲೆ. ಮೊದಲು ಆ ನೀಲಿ ಕಾಗದದ ಫೋಟೊ ತೆಗೆದುಕೊಳ್ಳಿ. ಅದು ಲೈಸೆನ್ಸಿಗೆ ಅರ್ಜಿ ಹಾಕಿದ್ದೇವೆ ಅನ್ನುವ ಪ್ರಕಟಣೆ, ಆಕ್ಷೇಪಣೆಗೆ ಕೊನೆಯ ದಿನ ಅದರಲ್ಲೇ ಇರುತ್ತದೆ. ಅರ್ಜಿ ಕೊಟ್ಟ ಮರುದಿನದಿಂದ 28 ದಿನ, ಅಷ್ಟೇ ನಿಮ್ಮ ಕಾಲಾವಕಾಶ. ಆ 28 ದಿನದಲ್ಲಿ ನೆರೆಹೊರೆಯವರಾಗಲಿ ಪೊಲೀಸರಾಗಲಿ ಪರಿಸರ ಆರೋಗ್ಯ ವಿಭಾಗವಾಗಲಿ ಯಾರೂ ಆಕ್ಷೇಪಿಸದಿದ್ದರೆ ಕೌನ್ಸಿಲ್ ಲೈಸೆನ್ಸ್ ಕೊಡಲೇಬೇಕು. ಇಷ್ಟವಿಲ್ಲದಿದ್ದರೂ ಕೊಡಲೇಬೇಕು, ಕಾನೂನೇ ಹಾಗಿದೆ. ‘ಇಷ್ಟು ಮನೆ ಇರೋ ಕಡೆ ಕೌನ್ಸಿಲ್‌ನೋರು ಹೇಗೆ ಒಪ್ಪಿದ್ರು’ ಅಂತ ಆಮೇಲೆ ಸಿಟ್ಟಾಗುವವರಲ್ಲಿ ಎಷ್ಟೋ ಜನ ಈ ದಿನಗಳನ್ನು ಸುಮ್ನೆ ಕಳೆದುಕೊಂಡವರೇ.

ಇನ್ನು ಏನು ಬರೆಯಬೇಕು ಅನ್ನುವುದು. 2003ರ ಲೈಸೆನ್ಸಿಂಗ್ ಕಾಯ್ದೆ ಕೌನ್ಸಿಲ್‌ಗೆ ನೋಡಲು ಬಿಡುವುದು ನಾಲ್ಕೇ ಸಂಗತಿಗಳನ್ನು: ಅಪರಾಧ ಮತ್ತು ಗಲಭೆ ತಡೆಯುವುದು, ಜನರ ಸುರಕ್ಷತೆ, ಸಾರ್ವಜನಿಕರಿಗೆ ಆಗುವ ಉಪದ್ರವ ತಡೆಯುವುದು, ಮಕ್ಕಳಿಗೆ ಹಾನಿಯಾಗದಂತೆ ಕಾಯುವುದು. ಇದರ ಹೊರಗಿನ ಮಾತಿಗೆ ಬೆಲೆಯೇ ಇಲ್ಲ. ‘ಈ ರಸ್ತೆಯಲ್ಲಿ ಆಗಲೇ ನಾಲ್ಕು ಬಾರ್ ಇವೆ, ಐದನೆಯದು ಯಾಕೆ’, ‘ನಮ್ಮ ಫ್ಲ್ಯಾಟಿನ ಬೆಲೆ ಬಿದ್ದುಹೋಗುತ್ತದೆ’, ‘ಕುಡಿಯುವುದು ನಮ್ಮ ಸಂಸ್ಕೃತಿಯಲ್ಲ’ ಇವೆಲ್ಲ ಓದಿ ಪಕ್ಕಕ್ಕಿಡುವ ಸಾಲುಗಳು. ಮೊದಲನೆಯದಕ್ಕೆ ಒಂದು ವಿನಾಯಿತಿ ಇದೆ. ಬಾರುಗಳು ಒತ್ತೊತ್ತಾಗಿ ಸೇರಿ ಸಮಸ್ಯೆಯಾಗಿದೆ ಅಂತ ಕೌನ್ಸಿಲ್ ಮೊದಲೇ ಗುರುತಿಸಿ ಪ್ರಕಟಿಸಿದ ಪ್ರದೇಶವಾದರೆ ಆ ವಾದ ನಡೆಯುತ್ತದೆ. ಲಂಡನ್ನಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ವೆಸ್ಟ್ ಎಂಡ್, ಹ್ಯಾಕ್ನಿಯ ಶೋರ್‌ಡಿಚ್ ಇಂಥವು. ನಿಮ್ಮ ರಸ್ತೆ ಅಂಥ ಪಟ್ಟಿಯಲ್ಲಿದೆಯಾ ಅಂತ ಕೌನ್ಸಿಲ್‌ನ ಲೈಸೆನ್ಸಿಂಗ್ ನೀತಿಯಲ್ಲಿ ನೋಡಿಕೊಳ್ಳಿ.

ನಿಮ್ಮ ಮಟ್ಟಿಗೆ ನಡೆಯುವ ವಾದ ಉಪದ್ರವದ್ದು. ಅದನ್ನು ಎಷ್ಟು ಬಿಡಿಸಿ ಹೇಳುತ್ತೀರೋ ಅಷ್ಟು ಒಳ್ಳೆಯದು. ಮಕ್ಕಳು ಮಲಗುವ ಕೋಣೆ ಬೀದಿ ಕಡೆಗಿದೆಯಾ? ಅಂಗಡಿಯ ಛಾವಣಿಗೂ ಮೊದಲ ಮಹಡಿಗೂ ನಡುವೆ ಬರೀ ಹಳೇ ಮರದ ತೊಲೆಗಳೇ ಇವೆಯಾ? ಸಿಗರೇಟು ಸೇದಲು ಜನ ಎಲ್ಲಿ ನಿಲ್ಲುತ್ತಾರೆ? (2007ರಲ್ಲಿ ಒಳಗೆ ಸೇದುವುದನ್ನು ನಿಲ್ಲಿಸಿದ ಮೇಲೆ ಪಬ್ಬಿನ ಅರ್ಧ ಗಲಾಟೆ ನಮ್ಮ ಕಿಟಕಿಗಳ ಕೆಳಗೆ ಬಂದು ನಿಂತಿದೆ.) ಖಾಲಿ ಬಾಟಲಿಗಳನ್ನು ತೊಟ್ಟಿಗೆ ಸುರಿಯುವುದು ಎಷ್ಟು ಹೊತ್ತಿಗೆ? ಒಂದೇ ನಮೂನೆಯ ಕಾಗದಕ್ಕೆ ನಲವತ್ತು ಸಹಿ ಹಾಕಿಸುವುದಕ್ಕಿಂತ ಮೂರು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಬರೆದ ಮೂರು ಪತ್ರಗಳೇ ವಾಸಿ. ಒಂದು ವಿಷಯ ಗೊತ್ತಿರಲಿ, ನಿಮ್ಮ ಹೆಸರು ವಿಳಾಸ ಅರ್ಜಿದಾರರ ಕೈಗೂ ಹೋಗುತ್ತದೆ.

‘ಲೈಸೆನ್ಸ್ ಕೊಡಲೇಬೇಡಿ’ ಅಂತ ಮಾತ್ರ ಬರೆದು ನಿಲ್ಲಿಸಬೇಡಿ. ತಿರಸ್ಕರಿಸುವುದು ಕೌನ್ಸಿಲ್‌ಗೆ ಕಷ್ಟ, ಷರತ್ತು ಹಾಕುವುದು ಸುಲಭ. ಅದಕ್ಕೇ ಷರತ್ತುಗಳನ್ನು ನೀವೇ ಬರೆದುಕೊಡಿ: ಮುಚ್ಚುವ ಸಮಯ 2ರ ಬದಲು 12, ಪರಿಸರ ಆರೋಗ್ಯದವರು ಅಳತೆ ಮಾಡಿ ಕೂರಿಸಿದ, ಸದ್ದು ಮಿತಿ ಮೀರದಂತೆ ತಡೆಯುವ ಸೌಂಡ್ ಲಿಮಿಟರ್, ಹೊರಗೆ ಸೇದುವವರು ಒಂದು ಸಲಕ್ಕೆ ಇಷ್ಟೇ ಜನ, ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ಬಾಟಲಿ ಸುರಿಯುವಂತಿಲ್ಲ, ತೆರೆದಿರುವಷ್ಟು ಹೊತ್ತು ನೆರೆಯವರು ಕರೆ ಮಾಡಬಹುದಾದ ಒಂದು ಫೋನ್ ನಂಬರ್.

ಸಂಗೀತದ ಷರತ್ತಿನಲ್ಲಿ ಒಂದು ಒಳಸುಳಿ ಇದೆ. 2012ರ ಲೈವ್ ಮ್ಯೂಸಿಕ್ ಕಾಯ್ದೆ ಮತ್ತು ಅದಕ್ಕೆ 2015ರಲ್ಲಿ ಆದ ಬದಲಾವಣೆ ಸೇರಿ ಏನಾಗಿದೆ ಅಂದರೆ, ಒಳಗೇ ಕುಡಿಯಲು ಲೈಸೆನ್ಸ್ ಇರುವ ಜಾಗದಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ, ಕೇಳುಗರು 500 ಮೀರದಿದ್ದರೆ, ಸಂಗೀತಕ್ಕೆ ಬೇರೆ ಅನುಮತಿ ಬೇಡ. ಅಷ್ಟು ಹೊತ್ತು ಸಂಗೀತದ ಮೇಲಿನ ಷರತ್ತುಗಳೂ ಮಲಗಿರುತ್ತವೆ. ಅಂದರೆ ‘ಸಂಜೆ 7ಕ್ಕೇ ಡಿಜೆ ನಿಲ್ಲಿಸಿ’ ಅಂತ ಹೋರಾಡಿ ಗೆದ್ದರೂ ಕೈಗೆ ಸಿಗುವುದು ಸೊನ್ನೆ. ನಿಮ್ಮ ಶಕ್ತಿಯನ್ನು 11ರ ನಂತರದ ಹೊತ್ತಿಗೆ ಮತ್ತು ಜನರ ಓಡಾಟದ ಷರತ್ತುಗಳಿಗೆ ಇಟ್ಟುಕೊಳ್ಳಿ.

ಆಕ್ಷೇಪಣೆ ಬಂತು ಅಂದರೆ, ಮಾತುಕತೆಯಲ್ಲೇ ಒಪ್ಪಂದ ಆಗದಿದ್ದರೆ, ವಿಚಾರಣೆ ನಡೆಯುತ್ತದೆ. 28 ದಿನ ಮುಗಿದು 20 ಕೆಲಸದ ದಿನಗಳ ಒಳಗೆ. ಮೂವರು ಕೌನ್ಸಿಲರ್‌ಗಳು ಕೂತು ಕೇಳುತ್ತಾರೆ. ಎದುರಿಗೆ ಸೂಟು ಹಾಕಿದ ಬ್ಯಾರಿಸ್ಟರ್ ಬಂದರೂ ಹೆದರಬೇಡಿ, ಎರಡೂ ಕಡೆಗೆ ಸಿಗುವ ಗರಿಷ್ಠ ಸಮಯ ಒಂದೇ. ನಿಮ್ಮ ಪರವಾಗಿ ಲಾಯರೇ ಮಾತಾಡಬೇಕು ಅಂತಿಲ್ಲ, ಇಂಗ್ಲಿಷ್ ಚೆನ್ನಾಗಿ ಬರುವ ಪಕ್ಕದ ಮನೆಯವರಾದರೂ ಸರಿ. ಆದರೆ ಬರುತ್ತೀರಿ ಅಂತ ಮೊದಲೇ ತಿಳಿಸಿ, ಬಂದೇ ಬನ್ನಿ. ಪತ್ರ ಬರೆದು ಮನೆಯಲ್ಲಿ ಕೂತವರ ಮಾತಿಗಿಂತ ಎದುರು ಕೂತು ಪ್ರಶ್ನೆಗೆ ಉತ್ತರ ಕೊಟ್ಟವರ ಮಾತು ಗಟ್ಟಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ 21 ದಿನದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು, ಆಕ್ಷೇಪಿಸಿದವರಿಗೂ ಆ ಹಕ್ಕಿದೆ. ಸೋತರೆ ಎದುರಿನವರ ಖರ್ಚು ನಿಮ್ಮ ತಲೆಗೆ ಬರಬಹುದು, ಹಾಗಾಗಿ ಸಲಹೆ ಕೇಳದೆ ಆ ಮೆಟ್ಟಿಲು ಹತ್ತಬೇಡಿ.

ಹೇಳದೇ ಬಿಟ್ಟಿದ್ದರೆ ತಪ್ಪಾಗುತ್ತಿತ್ತು: ಕಾರ್ಪೆಟ್ ಅಂಗಡಿಯನ್ನು ಬಾರ್ ಮಾಡಲು ಲೈಸೆನ್ಸ್ ಒಂದೇ ಸಾಲದು. ಕಟ್ಟಡವನ್ನು ಯಾವುದಕ್ಕೆ ಬಳಸಬಹುದು ಅನ್ನುವ ಪ್ಲಾನಿಂಗ್ ನಿಯಮದಲ್ಲಿ, ಇಂಗ್ಲೆಂಡಿನಲ್ಲಿ ಮಾತ್ರ, 2020ರ ಸೆಪ್ಟೆಂಬರ್‌ನಿಂದ ಅಂಗಡಿ, ರೆಸ್ಟೋರೆಂಟ್, ಆಫೀಸು ಎಲ್ಲ ಒಂದೇ ವರ್ಗ, ಅದರೊಳಗೆ ಬದಲಾಯಿಸಲು ಅನುಮತಿ ಬೇಡ. ಆದರೆ ಬಾರ್ ಮತ್ತು ಪಬ್ ಆ ವರ್ಗದಲ್ಲಿಲ್ಲ. ಅವಕ್ಕೆ ಪ್ಲಾನಿಂಗ್ ಅನುಮತಿ ಬೇಕು. ಆ ಅರ್ಜಿ ಬೇರೆ, ಕಮಿಟಿ ಬೇರೆ. ಅಲ್ಲಿಯೂ ಆಕ್ಷೇಪಣೆ ಹಾಕಿ.

ಪ್ರಶ್ನೆ: ಸ್ಲೌನಲ್ಲಿ ಮಕ್ಕಳ ಶಾಲೆ ಎದುರೇ ಮದ್ಯದಂಗಡಿ ಬರುತ್ತಿದೆ. ಊರಲ್ಲಾದರೆ ಶಾಲೆಯಿಂದ 100 ಮೀಟರ್ ದೂರ ಇರಬೇಕು ಅಂತ ನಿಯಮ ಇದೆ. ಇಲ್ಲಿ ಎಷ್ಟು ಮೀಟರ್?

ಉತ್ತರ: ಸೊನ್ನೆ ಮೀಟರ್. ಕರ್ನಾಟಕದ ಅಬಕಾರಿ ನಿಯಮಗಳಲ್ಲಿ ಇರುವಂತೆ ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ ಇಷ್ಟು ದೂರ ಅನ್ನುವ ಟೇಪು ಹಿಡಿಯುವ ಕಾನೂನು ಇಲ್ಲಿಲ್ಲ. ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಷರತ್ತು ಕೇಳಿ: 25ಕ್ಕಿಂತ ಚಿಕ್ಕವರಂತೆ ಕಂಡವರೆಲ್ಲರ ಗುರುತಿನ ಚೀಟಿ ನೋಡುವುದು, ಬಾಟಲಿಗಳು ಕೌಂಟರಿನ ಹಿಂದೆ, ಕಿಟಕಿಯಲ್ಲಿ ಜಾಹೀರಾತು ಬೇಡ. ಶಾಲೆಯ ಹೆಡ್‌ಮಾಸ್ಟರೇ ಒಂದು ಪತ್ರ ಬರೆದರೆ ಇನ್ನೂ ಒಳ್ಳೆಯದು. ಅಂಗಡಿಯಿಂದ ಎಷ್ಟು ದೂರ ವಾಸವಿದ್ದೀರಿ ಅನ್ನುವುದೂ ಈಗ ಅಡ್ಡಿಯಲ್ಲ, ಯಾರು ಬೇಕಾದರೂ ಬರೆಯಬಹುದು.

ಪ್ರಶ್ನೆ: ಪಕ್ಕದ ಪಬ್ಬಿಗೆ ಲೈಸೆನ್ಸ್ ಕೊಟ್ಟು ವರ್ಷಗಳಾಗಿವೆ. ಹೊಸ ಮ್ಯಾನೇಜರ್ ಬಂದ ಮೇಲೆ ವಾರಾಂತ್ಯದಲ್ಲಿ ನಿದ್ದೆ ಇಲ್ಲ. ಮುಂದಿನ ನವೀಕರಣದ ಹೊತ್ತಿಗೆ ದೂರು ಕೊಡೋಣ ಅಂತಿದ್ದೇವೆ. ಅದು ಯಾವಾಗ ಬರುತ್ತದೆ?

ಉತ್ತರ: ಬರುವುದೇ ಇಲ್ಲ. ನಮ್ಮ ಕಡೆ ಜುಲೈ 1ಕ್ಕೆ ಅಬಕಾರಿ ವರ್ಷ ಶುರುವಾಗಿ ಲೈಸೆನ್ಸ್ ನವೀಕರಣ ಆಗುತ್ತದಲ್ಲ, ಇಲ್ಲಿ ಹಾಗಿಲ್ಲ. ವರ್ಷಕ್ಕೊಂದು ಫೀ ಕಟ್ಟುತ್ತಿದ್ದರೆ ಸಾಮಾನ್ಯವಾಗಿ ಲೈಸೆನ್ಸ್ ನಡೆಯುತ್ತಲೇ ಇರುತ್ತದೆ. ಆದರೆ ನಿಮ್ಮ ಕೈಯಲ್ಲಿ ಇನ್ನೊಂದು ಅಸ್ತ್ರ ಇದೆ, ‘ರಿವ್ಯೂ’. ಯಾರು ಬೇಕಾದರೂ ಯಾವಾಗ ಬೇಕಾದರೂ ಕೇಳಬಹುದು, ಫೀ ಇಲ್ಲ. ಕೌನ್ಸಿಲ್ ಹೊಸ ಷರತ್ತು ಹಾಕಬಹುದು, ಮೂರು ತಿಂಗಳವರೆಗೆ ಅಮಾನತು ಮಾಡಬಹುದು, ಲೈಸೆನ್ಸನ್ನೇ ಕಿತ್ತುಕೊಳ್ಳಬಹುದು. ರಾತ್ರಿ 11ಕ್ಕಿಂತ ಮುಂಚಿನ ಸಂಗೀತಕ್ಕೂ ಷರತ್ತು ಹಾಕುವ ಅಧಿಕಾರ ರಿವ್ಯೂನಲ್ಲೇ ಇರುವುದು.

ಕಿತ್ತುಕೊಳ್ಳುವುದು ಬರೀ ಬೆದರಿಕೆ ಅಂದುಕೊಳ್ಳಬೇಡಿ. ಲಂಡನ್ನಿನ ಹೆಸರಾಂತ ಫ್ಯಾಬ್ರಿಕ್ ನೈಟ್‌ಕ್ಲಬ್ಬಿನ ಲೈಸೆನ್ಸನ್ನು, ಮಾದಕವಸ್ತು ಸೇವಿಸಿದ್ದ ಇಬ್ಬರು ಹುಡುಗರ ಸಾವಿನ ನಂತರ, ಇಸ್ಲಿಂಗ್‌ಟನ್ ಕೌನ್ಸಿಲ್ 2016ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ನವೆಂಬರ್‌ನಲ್ಲಿ 32 ಹೊಸ ಷರತ್ತುಗಳಿಗೆ ಒಪ್ಪಿದ ಮೇಲೆ ವಾಪಸ್ ಸಿಕ್ಕಿತು. ನಿಮ್ಮದು ಅಷ್ಟು ದೊಡ್ಡ ಸಂಗತಿಯಲ್ಲ, ಹಾಗಾಗಿ ನೇರವಾಗಿ ಆ ಅಸ್ತ್ರಕ್ಕೆ ಕೈ ಹಾಕಬೇಡಿ. ಮೊದಲು ಹಗಲು ಹೊತ್ತು ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ. ಒಂದು ನೋಟ್‌ಬುಕ್ ಇಟ್ಟು ದಿನಾಂಕ, ಹೊತ್ತು, ಎಂಥ ಸದ್ದು, ಯಾವ ಕೋಣೆಗೆ ಕೇಳಿತು ಅಂತ ಅದೇ ರಾತ್ರಿ ಬರೆಯುತ್ತಾ ಹೋಗಿ. ಕೌನ್ಸಿಲ್‌ನ ಪರಿಸರ ಆರೋಗ್ಯದವರಿಗೂ ದೂರು ಕೊಡಿ. ಉಪದ್ರವ ಹೌದು ಅಂತ ಅವರಿಗೆ ಅನ್ನಿಸಿದರೆ 1990ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ನೋಟಿಸ್ ಕೊಡಬೇಕಾಗುತ್ತದೆ. ಮ್ಯಾಂಚೆಸ್ಟರ್‌ನ ನೈಟ್ ಆಂಡ್ ಡೇ ಕೆಫೆಗೆ 2021ರಲ್ಲಿ ಇಂಥದ್ದೇ ನೋಟಿಸ್ ಬಂದು, ಆ ಜಗಳ ಕೋರ್ಟಿನಲ್ಲಿ ಮುಗಿಯಲು 2024 ಬಂತು. ಕೆಫೆ ಅಲ್ಲಿ 1991ರಿಂದ ಇತ್ತು, ದೂರು ಬಂದದ್ದು ಪಕ್ಕದ ಫ್ಲ್ಯಾಟಿನಿಂದ. ಸಂಗೀತಗಾರರೆಲ್ಲ ಕೆಫೆಯ ಪರ ನಿಂತರು. ಪಬ್ಬಿಗಿಂತ ನೀವು ಹೊಸಬರಾಗಿದ್ದರೆ ಊರಿನ ಅನುಕಂಪ ನಿಮ್ಮ ಕಡೆ ಇರುವುದಿಲ್ಲ. ಕಾನೂನು ಮಾತ್ರ ಅಷ್ಟಕ್ಕೇ ನಿಮ್ಮ ದೂರನ್ನು ತಳ್ಳಿಹಾಕುವುದಿಲ್ಲ. ಆಗ ಆ ನೋಟ್‌ಬುಕ್ಕೇ ಮಾತಾಡಬೇಕು.

ಪ್ರಶ್ನೆ: ನಾನು ಇನ್ನೊಂದು ಕಡೆಯವನು. ಪುಟ್ಟ ದೋಸೆ ಹೋಟೆಲ್ ನಡೆಸುತ್ತೇನೆ, ಊಟದ ಜೊತೆ ಬಿಯರ್ ಕೊಡಬೇಕು ಅಂತಿದೆ. ಮೇಲಿನ ಮನೆಯವರು ಈಗಲೇ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಾರೆ.

ಉತ್ತರ: ಅರ್ಜಿ ಹಾಕುವ ಮುಂಚೆ ಅವರ ಮನೆಗೆ ಹೋಗಿ, ನೀಲಿ ಕಾಗದದಲ್ಲಿ ಓದಿ ತಿಳಿಯುವಂತೆ ಮಾಡಬೇಡಿ. ಹೋಗುವಾಗ ನಾಲ್ಕು ದೋಸೆ ಕಟ್ಟಿಸಿಕೊಂಡು ಹೋದರೂ ನಷ್ಟವಿಲ್ಲ. ಕೂತು ಊಟ ಮಾಡುವವರಿಗೆ ಮಾತ್ರ ಮದ್ಯ, 10.30ಕ್ಕೆ ಕೊನೆಯ ಆರ್ಡರ್ ಅಂತ ಅರ್ಜಿಯಲ್ಲೇ ಬರೆದುಕೊಡಿ. ಆಮೇಲೆ ಬೇಕಾಗಬಹುದು ಅಂತ 2 ಗಂಟೆವರೆಗೆ ಕೇಳಬೇಡಿ, ಬೇಕಿಲ್ಲದ ಆ ಹೆಚ್ಚಿನ ಹೊತ್ತೇ ಆಕ್ಷೇಪಣೆ ಎಳೆದು ತರುವುದು. ಅರ್ಜಿ ಫೀ ಕಟ್ಟಡದ ತೆರಿಗೆ ಮೌಲ್ಯದ ಮೇಲೆ ಸಾಮಾನ್ಯವಾಗಿ 100ರಿಂದ 635 ಪೌಂಡ್. ಪರ್ಸನಲ್ ಲೈಸೆನ್ಸ್ (ಜಾಗಕ್ಕಲ್ಲ, ವ್ಯಕ್ತಿಗೆ ಕೊಡುವ ಲೈಸೆನ್ಸ್) ಇರುವ ಒಬ್ಬರು ಮದ್ಯ ಮಾರಾಟದ ಹೊಣೆ ಹೊರಬೇಕು. ಅದು ನೀವೇ ಆಗಿರಬಹುದು. ಮತ್ತೆ, ಮದ್ಯ ಇರಲಿ ಬಿಡಲಿ, ರಾತ್ರಿ 11ರಿಂದ ಬೆಳಿಗ್ಗೆ 5ರ ನಡುವೆ ಬಿಸಿ ದೋಸೆ, ಬಿಸಿ ಕಾಫಿ ಮಾರಿದರೂ ಲೈಸೆನ್ಸ್ ಬೇಕು. ಇದು ಗೊತ್ತಿಲ್ಲದೆ ಸಿಕ್ಕಿಬಿದ್ದವರು ಇದ್ದಾರೆ.

ಪ್ರಶ್ನೆ: ನಮ್ಮ ಕನ್ನಡ ಸಂಘ ಚರ್ಚ್ ಹಾಲಿನಲ್ಲಿ ರಾಜ್ಯೋತ್ಸವ ಮಾಡುತ್ತಿದೆ. ಭರತನಾಟ್ಯ, ಒಂದು ಯಕ್ಷಗಾನ ಪ್ರಸಂಗ, ಆಮೇಲೆ ಊಟ. ಸುಮಾರು 300 ಜನ. ಲೈಸೆನ್ಸ್ ಬೇಕಾ?

ಉತ್ತರ: ರಾತ್ರಿ 11ರೊಳಗೆ ಮುಗಿದರೆ ನೃತ್ಯಕ್ಕೂ ನಾಟಕಕ್ಕೂ ಬೇಡ, ಪ್ರೇಕ್ಷಕರು 500 ಮೀರದಿದ್ದರೆ ಸಾಕು. ಚೆಂಡೆ, ಮದ್ದಳೆಗೂ ಅದೇ. ಆದರೆ ಯಕ್ಷಗಾನದವರಿಗೆ 11 ಅಂದರೆ ಆಗಷ್ಟೇ ಒಡ್ಡೋಲಗ ಮುಗಿಯುವ ಹೊತ್ತು, ಭಾಗವತರಿಗೆ ಮೊದಲೇ ಗಡಿಯಾರ ತೋರಿಸಿಬಿಡಿ. ಬಿಯರ್, ವೈನ್ ಮಾರುವುದಿದ್ದರೆ ಮಾತ್ರ ಕಥೆ ಬೇರೆ. ‘ಮಾರುತ್ತಿಲ್ಲ, ಟಿಕೆಟ್‌ನಲ್ಲೇ ಸೇರಿದೆ’ ಅಂದರೂ ಅದು ಮಾರಾಟವೇ. ಹಾಲಿಗೇ ಲೈಸೆನ್ಸ್ ಇದೆಯಾ ಕೇಳಿ. ಇಲ್ಲದಿದ್ದರೆ ಕೌನ್ಸಿಲ್‌ಗೆ ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕು, 21 ಪೌಂಡ್. ಸಂಘಟಕರು, ಅಡುಗೆಯವರು, ಪಾತ್ರಧಾರಿಗಳು ಎಲ್ಲ ಸೇರಿ 499 ದಾಟಬಾರದು. ಇದಕ್ಕೆ ನೆರೆಯವರು ಆಕ್ಷೇಪಿಸುವಂತಿಲ್ಲ, ಪೊಲೀಸರು ಮತ್ತು ಪರಿಸರ ಆರೋಗ್ಯದವರು ಮಾತ್ರ. ಕನಿಷ್ಠ 10 ಕೆಲಸದ ದಿನ ಮುಂಚೆ ಕೊಡಿ. ನೋಟಿಸ್ ಕೊಟ್ಟ ದಿನ, ಕಾರ್ಯಕ್ರಮದ ದಿನ, ಶನಿವಾರ, ಭಾನುವಾರ ಇವು ಲೆಕ್ಕಕ್ಕಿಲ್ಲ. 5ರಿಂದ 9 ಕೆಲಸದ ದಿನ ಉಳಿದಾಗ ತಡವಾದ ನೋಟಿಸ್ ಅಂತ ತೆಗೆದುಕೊಳ್ಳುತ್ತಾರೆ. ಆದರೆ ಅದಕ್ಕೆ ಒಂದೇ ಒಂದು ಆಕ್ಷೇಪಣೆ ಬಂದರೂ ವಿಚಾರಣೆ ಇಲ್ಲ, ಮಾತುಕತೆ ಇಲ್ಲ, ಬಾರ್ ಕೌಂಟರ್ ತೆರೆಯುವಂತಿಲ್ಲ.