ಪ್ರಾರ್ಥನೆಗೆ ಕೂತರೆ ಮನಸ್ಸು ಎಲ್ಲೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಾರ್ಥನೆಯ ಬಗ್ಗೆಯೇ ಇದ್ದವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ರಾತ್ರಿ ಮಲಗುವ ಮುಂಚೆ ಪ್ರಾರ್ಥನೆಗೆ ಕೂರುತ್ತೇನೆ. ಎರಡು ನಿಮಿಷ ಆಗುವಷ್ಟರಲ್ಲಿ ಮನಸ್ಸು ಆಫೀಸಿಗೆ, ಸಾಲದ ಕಂತಿಗೆ, ನಾಳೆಯ ತಿಂಡಿಗೆ ಓಡಿಬಿಡುತ್ತದೆ. ಇಂಥ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆಯೇ?
— ಓದುಗರು, ಹಾಸನ

ಖಂಡಿತ ಮುಟ್ಟುತ್ತದೆ. ಮನಸ್ಸು ಓಡುವುದಕ್ಕೂ ಭಕ್ತಿ ಕಮ್ಮಿಯಾಗಿದೆ ಎನ್ನುವುದಕ್ಕೂ ಸಂಬಂಧವಿಲ್ಲ. ಈಜಿಪ್ಟಿನ ಮರುಭೂಮಿಯಲ್ಲಿ ಪ್ರಾರ್ಥನೆಯನ್ನೇ ಬದುಕಾಗಿಸಿಕೊಂಡಿದ್ದ ಸನ್ಯಾಸಿಗಳಿಗೂ ಇದೇ ಕಾಟವಿತ್ತು. ಅವರು ಕಂಡುಕೊಂಡ ಉಪಾಯವನ್ನು ಸನ್ಯಾಸಿ ಜಾನ್ ಕ್ಯಾಸಿಯನ್ 5ನೇ ಶತಮಾನದಲ್ಲಿ ಬರೆದಿಟ್ಟರು. ಬೈಬಲಿನ 70ನೇ ಕೀರ್ತನೆಯ ಮೊದಲ ಸಾಲು, ಅಂದರೆ ದೇವರೇ ಬೇಗ ಬಂದು ನನಗೆ ನೆರವಾಗು ಎಂಬ ಮೊರೆ, ಅದೊಂದನ್ನೇ ಬಾಯಲ್ಲಿಟ್ಟುಕೊಳ್ಳುವುದು. ಮನಸ್ಸು ತಪ್ಪಿಸಿಕೊಂಡಾಗಲೆಲ್ಲ ಆ ಸಾಲಿಗೇ ಮರಳುವುದು. ಹಾಗೆ ಮರಳುವುದೂ ಪ್ರಾರ್ಥನೆಯೇ.

ನಿಮ್ಮ ವಿಷಯದಲ್ಲಿ ಮೊದಲು ಬದಲಿಸಬೇಕಾದದ್ದು ಜಾಗ ಮತ್ತು ಹೊತ್ತು. ಹಾಸಿಗೆಯ ಮೇಲೆ ಕೂತರೆ ದೇಹ ನಿದ್ದೆಗೆ ಸಿದ್ಧವಾಗುತ್ತದೆ. ಕುರ್ಚಿಯಲ್ಲೋ ಚಾಪೆಯ ಮೇಲೋ ಬೆನ್ನು ನೆಟ್ಟಗಿಟ್ಟು ಕೂರಿ. ಊಟಕ್ಕೆ ಮುಂಚೆ ಆದರೆ ಒಳ್ಳೆಯದು, ಬೆಳಿಗ್ಗೆ ಆದರೆ ಇನ್ನೂ ಒಳ್ಳೆಯದು. ಫೋನನ್ನು ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಕೈ ಅದರ ಕಡೆಗೇ ಹೋಗುತ್ತದೆ, ಬೇರೆ ಕೋಣೆಯಲ್ಲಿಡಿ. ಹೊತ್ತು ನೋಡಲು ಒಂದು ಸಣ್ಣ ಗಡಿಯಾರ ಸಾಕು.

ಹತ್ತೇ ನಿಮಿಷ ಇಟ್ಟುಕೊಳ್ಳಿ. ಶಿಲುಬೆಯ ಗುರುತು ಹಾಕಿ ಒಂದು ನಿಮಿಷ ಸುಮ್ಮನಿರಿ. ಆಮೇಲೆ ಒಂದು ಚಿಕ್ಕ ಕೀರ್ತನೆಯನ್ನು ತುಟಿ ಅಲುಗಿಸಿ, ಕಿವಿಗೆ ಕೇಳುವಂತೆ ಓದಿ. 131ನೆಯದಕ್ಕೆ ಮೂರೇ ವಚನ, 23ಕ್ಕೆ ಆರು, 121ಕ್ಕೆ ಎಂಟು. ಎರಡನೇ ಸಲ ಓದುವಾಗ ಎಲ್ಲಿ ಒಂದು ಮಾತು ಮನಸ್ಸಿಗೆ ತಾಕುತ್ತದೋ ಅಲ್ಲೇ ನಿಲ್ಲಿ, ಮುಂದಕ್ಕೆ ಹೋಗಬೇಡಿ. ಉಳಿದ ಹೊತ್ತಿನಲ್ಲಿ ನಿಮ್ಮ ಮಾತಲ್ಲೇ ಮಾತಾಡಿ: ಮೊದಲು ಕೃತಜ್ಞತೆ, ಆಮೇಲೆ ಇಂದು ತಪ್ಪಿದ್ದು, ಆಮೇಲೆ ಬೇರೆಯವರು, ಕೊನೆಗೆ ನಿಮ್ಮ ಬೇಡಿಕೆ. ಬೇಡಿಕೆಯಿಂದ ಶುರುಮಾಡಿದವರು ಸಾಮಾನ್ಯವಾಗಿ ಅದರಲ್ಲೇ ಮುಗಿಸುತ್ತಾರೆ, ಅದಕ್ಕೇ ಈ ಕ್ರಮ. ಯೇಸು ಕಲಿಸಿದ ಪ್ರಾರ್ಥನೆಯಿಂದ ಮುಗಿಸಿ.

ಕಂತಿನ ನೆನಪು ಬಂತೇ? ಪಕ್ಕದಲ್ಲಿಟ್ಟ ಚೀಟಿಯಲ್ಲಿ ಒಂದು ಪದ ಬರೆದುಬಿಡಿ, ಅದು ಅಲ್ಲೇ ಕಾಯುತ್ತದೆ. ಅಥವಾ ಅದನ್ನೇ ಪ್ರಾರ್ಥನೆ ಮಾಡಿಕೊಳ್ಳಿ: “ಪ್ರಭುವೇ, ಈ ಸಾಲ ತೀರಿಸುವ ದಾರಿ ತೋರಿಸು.” ಮನಸ್ಸು ತಪ್ಪಿತೆಂದು ಮತ್ತೆ ಮೊದಲಿಂದ ಶುರುಮಾಡಬೇಡಿ. ಒಂದೇ ವಾರದಲ್ಲಿ ಬೇಸತ್ತು ಬಿಟ್ಟುಬಿಡುವಂತೆ ಮಾಡುವುದು ಈ ಅಭ್ಯಾಸವೇ. ಎರಡನೆಯ ಕಾರಣ, ಮೊದಲ ದಿನವೇ ಅರ್ಧ ಗಂಟೆ ಎಂದು ಹಟ ಹಿಡಿಯುವುದು. ಪ್ರಾರ್ಥನೆ ಚಿಕ್ಕದಾಗಿ, ಶುದ್ಧವಾಗಿ ಇರಲಿ ಎಂದು ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲೇ ತಮ್ಮ ಮಠದ ನಿಯಮದಲ್ಲಿ ಬರೆದಿದ್ದಾರೆ.

ನಮ್ಮ ಮನೆಯಲ್ಲಿ ಸಂಜೆಯ ಜಪಸರ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹೈಸ್ಕೂಲಿನ ಮಕ್ಕಳು ಗೊಣಗುತ್ತಾರೆ, ಅತ್ತೆಯವರು ಒಂದಕ್ಷರ ಬಿಡಲು ಒಪ್ಪುವುದಿಲ್ಲ. ಏನು ಮಾಡಲಿ?
— ಓದುಗರು, ಕಾರ್ಕಳ

ಕರಾವಳಿಯ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ತೇರ್ಸ್, ಅಂದರೆ ಮಣಿ ಎಣಿಸುತ್ತಾ ಮಾಡುವ ಈ ಜಪಸರ, ಎಂದರೆ ಇಡೀ ಮನೆ ಒಟ್ಟಿಗೆ ಸೇರುವ ಹೊತ್ತು. ಅತ್ತೆಯವರು ಕಾಪಾಡುತ್ತಿರುವುದು ಅದನ್ನೇ. ಆದರೆ ನಿಮ್ಮ ಮುಕ್ಕಾಲು ಗಂಟೆಯೂ ಜಪಸರದ್ದಲ್ಲ. ಐದು ದಶಕಗಳ, ಅಂದರೆ ಹತ್ತು ಮಣಿಗಳ ಐದು ಗುಂಪಿನ, ಜಪಸರಕ್ಕೆ ಬೇಕಾಗುವುದು ಹದಿನೈದರಿಂದ ಇಪ್ಪತ್ತು ನಿಮಿಷ. ಉಳಿದದ್ದು ಆಮೇಲೆ ಸೇರಿಕೊಂಡದ್ದು: ಮಾತೆ ಮರಿಯಳನ್ನು ಒಂದೊಂದೇ ಹೆಸರಿನಿಂದ ಕರೆದು ಬೇಡುವ ಲಿತಾನಿ, ತೀರಿಕೊಂಡವರಿಗೆ ಒಬ್ಬೊಬ್ಬರಿಗೂ ಒಂದೊಂದು ಪ್ರಾರ್ಥನೆ, ಒಂಬತ್ತು ದಿನ ಮಾಡುವ ನೊವೆನಾ, ಹಾಡು.

ಸರವನ್ನೇ ಕೈಯಲ್ಲಿ ಹಿಡಿದು ನೋಡಿ. ಶಿಲುಬೆಯ ಹತ್ತಿರ ವಿಶ್ವಾಸ ಪ್ರಮಾಣ. ದೊಡ್ಡ ಮಣಿಯಲ್ಲಿ ಯೇಸು ಕಲಿಸಿದ ಪ್ರಾರ್ಥನೆ, ಮೂರು ಸಣ್ಣ ಮಣಿಗಳಲ್ಲಿ ಮಾತೆ ಮರಿಯಳಿಗೆ ಹೇಳುವ ನಮೋ ಮರಿಯಾ ಪ್ರಾರ್ಥನೆ, ಮತ್ತೊಂದು ದೊಡ್ಡ ಮಣಿ. ಮೊದಲ ದಶಕ ಅಲ್ಲಿಂದ ಶುರು. ಆಮೇಲೆ ಸುತ್ತಲೂ ಹತ್ತು ಹತ್ತರ ಐದು ಗುಂಪು, ನಡುವೆ ನಾಲ್ಕು ದೊಡ್ಡ ಮಣಿ. ಒಟ್ಟು 59 ಮಣಿ, ಅದರಲ್ಲಿ ನಮೋ ಮರಿಯಾ 53. ಪ್ರತಿ ದಶಕದ ಕೊನೆಗೆ ಪಿತನಿಗೂ ಸುತನಿಗೂ ಪವಿತ್ರಾತ್ಮರಿಗೂ ಮಹಿಮೆ. ಇಷ್ಟೇ ಅದರ ಮೈಕಟ್ಟು.

ಮಕ್ಕಳಿಗೆ ಬೇಸರ ಬರುವುದು ಉದ್ದದಿಂದ ಮಾತ್ರವಲ್ಲ, ಓಟದಿಂದಲೂ. ಮುಂದಾಳು ನಮೋ ಮರಿಯಾದ ಮೊದಲರ್ಧ ಮುಗಿಸುವ ಮುಂಚೆಯೇ ಉಳಿದವರು “ಸಂತ ಮರಿಯಾ” ಎಂದು ಎತ್ತಿಕೊಳ್ಳುತ್ತಾರೆ, ನಡುವೆ ಬರುವ ಯೇಸುವಿನ ಹೆಸರು ಯಾರಿಗೂ ಕೇಳಿಸುವುದೇ ಇಲ್ಲ. ಆ ಪ್ರಾರ್ಥನೆಯ ಎರಡು ಭಾಗಗಳನ್ನು ಹಿಡಿದಿಡುವ ತಿರುಗಣೆಯೇ ಆ ಹೆಸರು ಎಂದು ಎರಡನೇ ಜಾನ್ ಪಾಲ್ ಪೋಪರು 2002ರಲ್ಲಿ ನೆನಪಿಸಿದರು. ಅಲ್ಲಿ ಅರೆಕ್ಷಣ ನಿಲ್ಲುವುದನ್ನು ಮನೆಯವರೆಲ್ಲ ರೂಢಿ ಮಾಡಿಕೊಳ್ಳಿ. ಓದುವ ಧಾಟಿಯೇ ಬದಲಾಗುತ್ತದೆ.

ಪ್ರತಿ ದಶಕದಲ್ಲೂ ಧ್ಯಾನಿಸುವ ಯೇಸು ಮತ್ತು ಮರಿಯರ ಬದುಕಿನ ಘಟನೆಗೆ ರಹಸ್ಯ ಎನ್ನುತ್ತಾರೆ. ಅದನ್ನು ಘೋಷಿಸುವ ಕೆಲಸ ಮಕ್ಕಳಿಗೆ ಕೊಡಿ. ಸೋಮವಾರ ಮತ್ತು ಶನಿವಾರ ಸಂತೋಷದವು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು, ಗುರುವಾರ ಅದೇ 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯಗಳು. ಘೋಷಿಸಿದ ಮೇಲೆ ಶುಭಸಂದೇಶದ ಆ ಭಾಗದಿಂದ ಎರಡು ವಚನ ಓದಿ, ಹತ್ತು ಎಣಿಸುವಷ್ಟು ಹೊತ್ತು ಮೌನ. ಈ ಮೌನ ಇಲ್ಲದಿದ್ದರೆ ಜಪಸರ ಬರೀ ಎಣಿಕೆಯಾಗುತ್ತದೆ.

ಲಿತಾನಿ ಶನಿವಾರಕ್ಕೆ ಇರಲಿ. ತೀರಿಕೊಂಡವರ ಹೆಸರುಗಳನ್ನೆಲ್ಲ ಅತ್ತೆಯವರು ಒಟ್ಟಿಗೆ ಹೇಳಿ, ಎಲ್ಲರಿಗೂ ಸೇರಿ ಒಂದೇ ಪ್ರಾರ್ಥನೆ ಮಾಡಲಿ. ಹೆಸರು ಬಿಟ್ಟುಹೋಗಬಾರದು ಎಂಬುದೇ ಅವರ ಕಾಳಜಿಯಾಗಿದ್ದರೆ ಅವರು ಒಪ್ಪಿಯಾರು. ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಒಂದು ದಶಕಕ್ಕೆ ಕೂತು ಎದ್ದುಹೋಗಲಿ. ಮನಸ್ಸಿಟ್ಟು ಮಾಡಿದ ನಾಲ್ಕು ನಿಮಿಷ ಸಣ್ಣದಲ್ಲ.

ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸುವೇ ಹೇಳಿಲ್ಲವೇ (ಮತ್ತಾಯ 6:7)?
— ಓದುಗರು, ದಾವಣಗೆರೆ

ಅಲ್ಲಿ ಯೇಸು ತಳ್ಳಿಹಾಕುವುದು, ಮಾತು ಹೆಚ್ಚಾದಷ್ಟೂ ದೇವರು ಕೇಳುತ್ತಾನೆ ಎಂಬ ಲೆಕ್ಕಾಚಾರವನ್ನು. ಗೆತ್ಸೆಮನೆ ತೋಟದಲ್ಲಿ ಅವರೇ ಮೂರನೇ ಸಲವೂ ಅದೇ ಮಾತಿನಿಂದ ಪ್ರಾರ್ಥಿಸಿದರು (ಮತ್ತಾಯ 26:44). 136ನೇ ಕೀರ್ತನೆಯಲ್ಲಿ 26 ವಚನ, 26ರಲ್ಲೂ ಒಂದೇ ಪಲ್ಲವಿ. ಆದರೂ ಈ ಎಚ್ಚರಿಕೆ ಜಪಸರ ಮಾಡುವವರಿಗೆ ಬೇಕಾದದ್ದೇ. ಇಷ್ಟು ಸಲ ಹೇಳಿದರೆ ಇದು ಸಿಕ್ಕೇಸಿಗುತ್ತದೆ ಎಂದು ನಂಬುವವರು ವ್ಯಾಪಾರಕ್ಕೆ ಇಳಿದಿದ್ದಾರೆ.

ನನ್ನ ಯಜಮಾನರಿಗೆ ಮೂರು ವರ್ಷದಿಂದ ಕಿಡ್ನಿ ತೊಂದರೆ. ಎಷ್ಟು ಪ್ರಾರ್ಥಿಸಿದರೂ ವಾಸಿಯಾಗಿಲ್ಲ. ನಿಮ್ಮ ವಿಶ್ವಾಸ ಸಾಲದು, ಮಾತ್ರೆ ಬಿಟ್ಟು ದೇವರನ್ನು ನಂಬಿ ಎಂದು ಪ್ರಾರ್ಥನಾ ಕೂಟದವರೊಬ್ಬರು ಹೇಳಿದರು.
— ಓದುಗರು, ಮೈಸೂರು

ಮೊದಲು ಇದು: ಮಾತ್ರೆಯನ್ನಾಗಲಿ ಡಯಾಲಿಸಿಸನ್ನಾಗಲಿ ನಿಲ್ಲಿಸಬೇಡಿ, ಅಮ್ಮ. ಆ ಸಲಹೆ ಬೈಬಲಿನದಲ್ಲ. ಹಿಜ್ಕೀಯ ರಾಜ ಅತ್ತು ಪ್ರಾರ್ಥಿಸಿದಾಗ ದೇವರು ಆಯುಸ್ಸು ಕೊಟ್ಟರು, ಆದರೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ. ತನ್ನ ಜೊತೆಗಾರ ತಿಮೊಥೆಯನ ಹೊಟ್ಟೆನೋವಿಗೆ ಪ್ರೇಷಿತ ಪೌಲನು ಸ್ವಲ್ಪ ದ್ರಾಕ್ಷಾರಸ ಕುಡಿಯಲು ಹೇಳಿದ.

ವಿಶ್ವಾಸ ಸಾಲದು ಎಂಬ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತನ್ನ ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಪೌಲನು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ (2 ಕೊರಿಂಥ 12). ಪೌಲನಿಗೆ ವಿಶ್ವಾಸ ಕಮ್ಮಿಯಿತ್ತು ಎನ್ನುವವರುಂಟೇ?

ನಿಮ್ಮಂಥವರ ಬಾಯಿಗೆ ಬೈಬಲು ಒಂದು ಮಾತನ್ನು ಕೊಟ್ಟಿದೆ, ಅದು ಗೋಳಿನ ಕೀರ್ತನೆ. 13ನೆಯದನ್ನು ತೆಗೆಯಿರಿ, ಆರೇ ವಚನ. ಮೊದಲೆರಡರಲ್ಲಿ “ಇನ್ನೆಷ್ಟು ಕಾಲ?” ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನೆರಡು ಬೇಡಿಕೆ. ಕೊನೆಯವು ನಂಬಿಕೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಮೂರು ವರ್ಷ ಆಯಿತು ಎಂದು, ಸೂಜಿ ಚುಚ್ಚಿದ ಕೈ ಊದಿದೆ ಎಂದು, ನನಗೂ ಸುಸ್ತಾಗಿದೆ ಎಂದು, ಇದ್ದದ್ದು ಇದ್ದಂತೆ. ಕೊನೆಯ ಭಾಗ ಬರೆಯಲು ಕೈ ಬಾರದಿದ್ದರೆ ಹಾಗೇ ಬಿಡಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯ ಪುಸ್ತಕದೊಳಗೇ ಇದೆ.

ಇನ್ನೊಂದು ಕೆಲಸ. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಸಾಯುವ ಗಳಿಗೆಯದು ಎಂದು ನಮ್ಮಲ್ಲಿ ಬಹಳ ಜನ ಹೆದರುತ್ತಾರೆ. ಅದು ಗಂಭೀರ ಕಾಯಿಲೆಯವರಿಗಾಗಿ ಇರುವುದು (ಯಕೋಬ 5:14). ಆಪರೇಷನ್‌ಗೆ ಮುಂಚೆ ಪಡೆಯಬಹುದು, ಕಾಯಿಲೆ ಹೆಚ್ಚಾದರೆ ಮತ್ತೆ ಪಡೆಯಬಹುದು. ಫಾದರನ್ನು ಮನೆಗೆ ಕರೆಸಿ.

ಭಾನುವಾರದ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಬರೆಯುವ ಸರದಿ ನಮ್ಮ ಯುವಕರ ತಂಡಕ್ಕೆ ಬಂದಿದೆ. ಹೇಗೆ ಬರೆಯಬೇಕು?
— ಓದುಗರು, ಬೆಂಗಳೂರು

ಪೂಜೆಯ ನಡುವೆ ಎಲ್ಲರ ಪರವಾಗಿ ಓದುವ ಬೇಡಿಕೆಗಳಿವು. ಕ್ರಮ ಹೀಗಿದೆ: ಧರ್ಮಸಭೆ, ಆಮೇಲೆ ಆಳುವವರು ಮತ್ತು ಲೋಕ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ನಿಮ್ಮ ಧರ್ಮಕೇಂದ್ರ, ಅಂದರೆ ನಿಮ್ಮ ಚರ್ಚಿನ ಜನ. ನಾಲ್ಕೈದು ಬೇಡಿಕೆ ಸಾಕು, ಒಂದೊಂದಕ್ಕೆ ಎರಡು ಸಾಲು. ಮೊದಲ ಮತ್ತು ಕೊನೆಯ ಮಾತು ಗುರುಗಳದು. ಓದುವವರು ಮಾತಾಡುವುದು ಜನರೊಡನೆ, ಹಾಗಾಗಿ “ದೇವರೇ” ಎಂದು ಶುರುಮಾಡಬೇಡಿ. “ಇಂಥವರಿಗಾಗಿ ಪ್ರಾರ್ಥಿಸೋಣ” ಎನ್ನಿ. ಪ್ರಬೋಧನೆಯನ್ನು ಮತ್ತೊಮ್ಮೆ ಹೇಳುವುದು, ದಾನಿಗಳಿಗೆ ವಂದನೆ ಸಲ್ಲಿಸುವುದು, ಕೇಳದೆ ಯಾರದೋ ಕಾಯಿಲೆಯ ಹೆಸರು ಹೇಳುವುದು, ಈ ಮೂರೂ ಬೇಡ. ಬೇಡಿಕೆ ಓದಿ ಐದು ಎಣಿಸುವಷ್ಟು ತಡೆದು ಆಮೇಲೆ ಉತ್ತರಕ್ಕೆ ಬಿಡಿ. ಆ ಮೌನದಲ್ಲೇ ಜನ ಪ್ರಾರ್ಥಿಸುವುದು. ಒಂದು ಮಾದರಿ: “ಈ ವಾರ ಕೆಲಸ ಕಳೆದುಕೊಂಡವರಿಗಾಗಿ, ಅವರಿಗೆ ಕೆಲಸ ಕೊಡಬಲ್ಲ ನಮ್ಮಲ್ಲಿನವರಿಗಾಗಿ, ಪ್ರಭುವಿನಲ್ಲಿ ಪ್ರಾರ್ಥಿಸೋಣ.”